ಹಾರ್ನ್ ಮತ್ತು ಆರ್ಗನ್‌ಗೆ ಬರೋಕ್ ಸಂಗೀತದ ಮರುಹೊಂದಾಣಿಕೆ

ದೊಡ್ಡ ವಾದ್ಯವೃಂದಕ್ಕೆಂದು ರಚಿಸಿದ ಬರೋಕ್ ಸಂಗೀತವನ್ನು ನಾಲ್ಕು ಹಾರ್ನ್ ಮತ್ತು ಒಂದು ಪೈಪ್ ಆರ್ಗನ್‌ಗೆ ಹೊಂದಿಸುವಾಗ ಸ್ವರಗಳನ್ನು ನಕಲು ಮಾಡಿದರೆ ಸಾಲದು. ಯಾವ ಸ್ವರ ಯಾವ ಕೊಳವೆಗೆ ಒಗ್ಗುತ್ತದೆ ಎಂದು ನೋಡಬೇಕು. ಎರಡೂ ವಾದ್ಯಗಳಲ್ಲಿ ನಾದ ಹುಟ್ಟುವುದು ಕೊಳವೆಯೊಳಗಿನ ಗಾಳಿಯ ಕಂಪನದಿಂದ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತದೆ.

1749ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ನಡೆದ ಬಾಣಬಿರುಸಿನ ಉತ್ಸವಕ್ಕೆ ಹ್ಯಾಂಡೆಲ್ ರಚಿಸಿದ ‘ಮ್ಯೂಸಿಕ್ ಫಾರ್ ದ ರಾಯಲ್ ಫೈರ್‌ವರ್ಕ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಆ ಕಾಲದ ಹಾರ್ನ್‌ಗೆ ಕವಾಟಗಳಿರಲಿಲ್ಲ. ಮೂಲ ಆವರ್ತಾಂಕದ 2, 3, 4, 5 ಪಟ್ಟು ಹೀಗೆ ಏರುವ ಸ್ವರಗಳಷ್ಟೇ ಅದರಲ್ಲಿ ಸಹಜವಾಗಿ ನುಡಿಯುತ್ತಿದ್ದವು. ತಗ್ಗಿನಲ್ಲಿ ಈ ಸ್ವರಗಳ ನಡುವೆ ಅಂತರ ಹೆಚ್ಚು. 8ನೆಯದರಿಂದ ಮೇಲೆ ಅಕ್ಕಪಕ್ಕದ ಸ್ವರಗಳು ಸಿಗುವುದರಿಂದ ಅಲ್ಲಿ ಧಾಟಿ ನುಡಿಸಬಹುದು. ಡಿ ಶ್ರುತಿಯ ಹಾರ್ನ್‌ನ ಕೊಳವೆ ಅದೇ ಶ್ರುತಿಯ ಟ್ರಂಪೆಟ್‌ಗಿಂತ ಎರಡು ಪಟ್ಟು ಉದ್ದ. ಹಾಗಾಗಿ ಟ್ರಂಪೆಟ್‌ನ ಧಾಟಿ ಹಾರ್ನ್‌ನಲ್ಲಿ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ. ಈ ಕೃತಿಯ ‘ಲಾ ರೆಜೂಯಿಸಾನ್ಸ್’ ಭಾಗವನ್ನು ಮೊದಲು ಟ್ರಂಪೆಟ್‌ಗಳು, ಮರುಸಲ ಹಾರ್ನ್‌ಗಳು, ಮೂರನೇ ಸಲ ಎಲ್ಲವೂ ಕೂಡಿ ನುಡಿಸಬೇಕೆಂದು ಹ್ಯಾಂಡೆಲ್ ಸೂಚಿಸಿದ್ದಾನೆ. ಟ್ರಂಪೆಟ್‌ನ ಧಾಟಿಯನ್ನು ಹಾರ್ನ್‌ಗೆ ಕೊಡುವ ದಾರಿ ಮೂಲದಲ್ಲೇ ಇದೆ.

ಹೀಗೆ ಕೆಳಗಿಳಿದಾಗ ಕಳೆದುಹೋಗುವ ಹೊಳಪನ್ನು ಆರ್ಗನ್ ತುಂಬಿಕೊಡುತ್ತದೆ. ಅದರ 8 ಅಡಿಯ ಸ್ಟಾಪ್ (ಕೊಳವೆಗಳ ಸಾಲು) ಬರೆದ ಸ್ವರವನ್ನೇ ನುಡಿಸಿದರೆ, 4 ಅಡಿಯದು ಒಂದು ಸ್ಥಾಯಿ ಮೇಲೆ, 16 ಅಡಿಯದು ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ. ಡಬಲ್ ಬಾಸ್‌ನ ಕೆಲಸ ಪೆಡಲ್‌ನ 16 ಅಡಿಯ ಸ್ಟಾಪ್‌ಗೆ ಸಲ್ಲುತ್ತದೆ. ಪಿಟೀಲುಗಳ ವೇಗದ ಓಟವೂ ಆರ್ಗನ್‌ಗೇ ಸರಿ: ವಿವಾಲ್ಡಿಯ ಎರಡು ಪಿಟೀಲುಗಳ ಕನ್ಚೆರ್ಟೊ ಒಂದನ್ನು ಬಾಖ್ ಒಂಟಿ ಆರ್ಗನ್‌ಗೆ ಅಳವಡಿಸಿದ್ದಾನೆ. 19ನೇ ಶತಮಾನದಲ್ಲಿ ಬಂದ ಕವಾಟಗಳು ಕೊಳವೆಯ ಉದ್ದವನ್ನು ಬದಲಿಸಿ ಸ್ವರಗಳ ನಡುವಿನ ಅಂತರ ತುಂಬುವುದರಿಂದ, ಇಂದಿನ ಹಾರ್ನ್‌ಗಳು ವಿಯೋಲಾದಂಥ ನಡುಸ್ಥಾಯಿಯ ಭಾಗಗಳನ್ನೂ ವಹಿಸಿಕೊಳ್ಳಬಲ್ಲವು.

ಆರ್ಗನ್‌ಗೆ ಉಸಿರು ಕಟ್ಟುವುದಿಲ್ಲ, ಹಾರ್ನ್ ವಾದಕರಿಗೆ ಬಿಡುವು ಬೇಕು. ಆದ್ದರಿಂದ ಉದ್ದನೆಯ ಸಾಲುಗಳನ್ನು ಇಬ್ಬರು ವಾದಕರಿಗೆ ಹಂಚುತ್ತಾರೆ. ಆರ್ಗನ್‌ನ ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದರೂ ನಾದ ಜೋರಾಗುವುದಿಲ್ಲ. ಉಬ್ಬಿ ಇಳಿಯಬೇಕಾದ ಧಾಟಿ ಹಾರ್ನ್‌ಗೇ ಮೀಸಲು.

ಕೊನೆಯದು ಶ್ರುತಿಯ ಪ್ರಶ್ನೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಹೆಚ್ಚುತ್ತದೆ. ಇದರಿಂದ ಆರ್ಗನ್‌ನ ಬಹುಪಾಲು ಕೊಳವೆಗಳ ಶ್ರುತಿ ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಮೇಲೇರುತ್ತದೆ. ನೂರಾರು ಕೊಳವೆಗಳನ್ನು ಕಛೇರಿಯ ದಿನ ತಿದ್ದಲಾಗದು. ಹಾರ್ನ್ ವಾದಕರೇ ಜಾರುಕೊಳವೆಯನ್ನು ಸರಿಸಿ, ವಾದ್ಯದ ಬಾಯೊಳಗಿನ ಕೈಯನ್ನು ಹೊಂದಿಸಿ ಆರ್ಗನ್‌ನ ಶ್ರುತಿಗೆ ಬರುತ್ತಾರೆ.