ಅಮೆರಿಕದ ನಿವೃತ್ತಿ ನಿಧಿಯಿಂದ ವಾಪಸು ಬರುವ ಹೆಚ್ಚುವರಿ ಹಣ

ನಮ್ಮ ಸದಸ್ಯರ ಪೈಕಿ ಕೆಲವರ ಮಕ್ಕಳು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ನಿವೃತ್ತಿ ನಿಧಿಯಿಂದ "ಹೆಚ್ಚುವರಿ ವಂತಿಗೆ" ಎಂದು ಒಮ್ಮೊಮ್ಮೆ ಹಣ ವಾಪಸು ಬರುವುದುಂಟು. ಅದನ್ನು ಬೇರೆ ನಿವೃತ್ತಿ ಖಾತೆಗೆ ವರ್ಗಾಯಿಸಬಹುದೇ, ಊರಿನ ತೋಟಕ್ಕೆ ಬಳಸಬಹುದೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಅಲ್ಲಿಯ ಖಾಸಗಿ ಕಂಪನಿಗಳ ನೌಕರರಿಗೆ "401 (ಕೆ)" ಎಂಬ ನಿಧಿಯಿದೆ. ನಮ್ಮ ಪ್ರಾವಿಡೆಂಟ್ ಫಂಡಿನಂತೆ ಇದಕ್ಕೂ ಸಂಬಳದಿಂದಲೇ ಹಣ ಮುರಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕಟ್ಟುವ ವರ್ಷ ಅದಕ್ಕೆ ಆದಾಯ ತೆರಿಗೆ ಇಲ್ಲ, ತೆಗೆಯುವಾಗ ಉಂಟು. ಆದರೆ ಕಟ್ಟುವುದಕ್ಕೆ ಮಿತಿಯಿದೆ. 2025ರಲ್ಲಿ 50 ವರ್ಷದೊಳಗಿನವರಿಗೆ ಅದು 23,500 ಡಾಲರ್. ಈ ಮಿತಿ ವ್ಯಕ್ತಿಗೆ ಸಂಬಂಧಿಸಿದ್ದು, ಕಂಪನಿಗಲ್ಲ. ಕಂಪನಿ ತನ್ನ ಪಾಲಾಗಿ ಸೇರಿಸುವ ಹಣ ಈ ಲೆಕ್ಕಕ್ಕೆ ಬರುವುದಿಲ್ಲ.

ತೊಡಕು ಬರುವುದು ಹೆಚ್ಚಾಗಿ ವರ್ಷದ ನಡುವೆ ಕೆಲಸ ಬದಲಿಸಿದವರಿಗೆ. ಉದಾಹರಣೆಗೆ, 2025ರಲ್ಲಿ ಒಬ್ಬನು ಮೊದಲ ಕಂಪನಿಯಲ್ಲಿ 14,000, ಎರಡನೆಯದರಲ್ಲಿ 12,500 ಡಾಲರ್ ಕಟ್ಟಿದನೆನ್ನೋಣ. ಒಟ್ಟು 26,500, ಹೆಚ್ಚಾದದ್ದು 3,000. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ತಿಳಿಯದು. ಆದ್ದರಿಂದ ನಿಧಿಯವರಿಗೆ ಆತನೇ ಬರೆದು ತಿಳಿಸಬೇಕು. ಆ 3,000 ಡಾಲರ್, ಅದರ ಗಳಿಕೆಯೊಂದಿಗೆ, ಮುಂದಿನ ವರ್ಷದ ಏಪ್ರಿಲ್ 15ರೊಳಗೆ ಹೊರಬರಬೇಕು. ಹಾಗೆ ಬಂದರೆ 3,000ಕ್ಕೆ ಕಟ್ಟಿದ ವರ್ಷದ ತೆರಿಗೆ, ಗಳಿಕೆಗೆ ಕೈಸೇರಿದ ವರ್ಷದ ತೆರಿಗೆ. ಅವಧಿಗೆ ಮುನ್ನ ತೆಗೆದುದಕ್ಕೆ ಬೀಳುವ ಶೇಕಡಾ 10ರ ಹೆಚ್ಚಿನ ತೆರಿಗೆ ಇಲ್ಲ. ಗಡುವು ಮೀರಿದರೆ ಅದೇ 3,000ಕ್ಕೆ ಎರಡು ಬಾರಿ ತೆರಿಗೆ: ಕಟ್ಟಿದ ವರ್ಷ ಒಮ್ಮೆ, ಮುಂದೆಂದೋ ತೆಗೆದಾಗ ಮತ್ತೊಮ್ಮೆ.

ಇನ್ನೊಂದು ಬಗೆಯೂ ಇದೆ. ಕಡಿಮೆ ಸಂಬಳದವರು ಸಾಕಷ್ಟು ಕಟ್ಟದಿದ್ದಾಗ, ಕಾನೂನಿನ ಸಮತೋಲನ ಪರೀಕ್ಷೆಗಾಗಿ ಹೆಚ್ಚು ಸಂಬಳದವರ ಹಣದಲ್ಲಿ ಒಂದಂಶವನ್ನು ಕಂಪನಿಯೇ ಹಿಂದಿರುಗಿಸುತ್ತದೆ. ಇದಕ್ಕೆ ಕೈಸೇರಿದ ವರ್ಷದಲ್ಲಿ ತೆರಿಗೆ.

ಈಗ ಮುಖ್ಯ ವಿಷಯ. ಕೆಲಸ ಬಿಟ್ಟಾಗ ಬರುವ ನಿಧಿಯ ಹಣವನ್ನು 60 ದಿನಗಳೊಳಗೆ "ಐ.ಆರ್.ಎ." ಎಂಬ ಸ್ವಂತ ನಿವೃತ್ತಿ ಖಾತೆಗೆ ಹಾಕಿ ತೆರಿಗೆ ತಪ್ಪಿಸಿಕೊಳ್ಳಬಹುದು. ಇದಕ್ಕೆ ರೋಲ್‌ಓವರ್ ಎನ್ನುತ್ತಾರೆ. ವಾಪಸು ಬಂದ ಹೆಚ್ಚುವರಿ ಹಣಕ್ಕೆ, ಮೇಲಿನ ಎರಡು ಬಗೆಯಲ್ಲಿ ಯಾವುದೇ ಆಗಿರಲಿ, ಈ ಸೌಲಭ್ಯವಿಲ್ಲ. ತಿಳಿಯದೆ ಹಾಕಿದರೆ ಅದು ಹೊಸ ವಂತಿಗೆ ಎನಿಸುತ್ತದೆ. ಐ.ಆರ್.ಎ.ಗೆ 2025ರ ಮಿತಿ 50 ವರ್ಷದೊಳಗಿನವರಿಗೆ 7,000 ಡಾಲರ್ ಮಾತ್ರ. ಮೀರಿದ ಮೊತ್ತಕ್ಕೆ, ಸರಿಪಡಿಸುವವರೆಗೆ ಪ್ರತಿ ವರ್ಷವೂ ಶೇಕಡಾ 6ರ ದಂಡ ತೆರಿಗೆ.

ಹಾಗಾದರೆ ಆ ಹಣವನ್ನು ಊರಿಗೆ ಕಳುಹಿಸಬಹುದೇ? ಧಾರಾಳವಾಗಿ. ಅದು ಅವರ ಸ್ವಂತ ಹಣ. ಕಣಕ್ಕೆ ಸಿಮೆಂಟು ಹಾಕಿಸಲಿ, ಕೊನೆ ಕೊಯ್ಲಿನ ಕೂಲಿಗಾಗಲಿ, ಅಡ್ಡಿಯಿಲ್ಲ. ಮೊದಲು ಅಲ್ಲಿಯ ತೆರಿಗೆಯ ಪಾಲನ್ನು ತೆಗೆದಿರಿಸಿಕೊಳ್ಳಲಿ.

ಕಳೆದ ವರ್ಷ ಕೆಲಸ ಬದಲಿಸಿದ ಮಗನೋ ಮಗಳೋ ನಿಮಗಿದ್ದರೆ, ಎರಡೂ ಕಂಪನಿಗಳ ಲೆಕ್ಕ ಕೂಡಿಸಿ ನೋಡಲು ಜನವರಿಯಲ್ಲೇ ನೆನಪಿಸಿರಿ.