ಇನ್‌ವಾಯ್ಸ್ ಸ್ಪ್ಯಾಮ್‌ಗೆ ಬೀಳ್ತಿದ್ಯಾ? ಮೊದ್ಲು ಇದನ್ನ ನೋಡಿ

ಅನ್ನಪೂರ್ಣೇಶ್ವರಿ ನಗರದಿಂದ ಮಾತಾಡ್ತಿದ್ದೀನಿ. ಇಲ್ಲಿಂದ ಪೀಣ್ಯದವರೆಗೆ ಎಷ್ಟೋ ಸಣ್ಣ ಕಂಪನಿಗಳಲ್ಲಿ ಮೇಲ್ ಸರ್ವರ್ ನೋಡ್ಕೊಳ್ಳೋರು ಒಬ್ಬರೇ. ಇನ್‌ವಾಯ್ಸ್ ಸ್ಪ್ಯಾಮ್‌ಗೆ ಬಿದ್ರೆ ಪೇಮೆಂಟ್ ತಡ, ಬೈಗುಳ ಅವರಿಗೇ.

ನಿಯಮ ಈಗ ಬಿಗಿಯಾಗಿದೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸೋ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ. ದಿನಕ್ಕೆ 5,000 ಮುಟ್ಟಿದ್ರೆ ಎರಡೂ ಬೇಕು, ಜೊತೆಗೆ ಡಿಮಾರ್ಕ್. 2025ರ ಮೇನಿಂದ ಔಟ್‌ಲುಕ್ ಕೂಡ ದೊಡ್ಡ ಪ್ರಮಾಣದಲ್ಲಿ ಕಳಿಸೋರಿಗೆ ಈ ಮೂರನ್ನೂ ಕೇಳ್ತಿದೆ.

ಎಸ್‌ಪಿಎಫ್ ಅಂದ್ರೆ ನಿಮ್ಮ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ. ಡಿಕಿಮ್ ಡಿಜಿಟಲ್ ಸಹಿ. ಇವೆರಡೂ ಹೊಂದದಿದ್ರೆ ಮೇಲ್ ಏನ್ ಮಾಡ್ಬೇಕು ಅಂತ ಹೇಳೋದು ಡಿಮಾರ್ಕ್.

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ನಿಮ್ಮದೇ ಜಿಮೇಲ್‌ಗೆ ಒಂದು ಬಿಲ್ ಕಳಿಸಿ. ಕಂಪ್ಯೂಟರ್‌ನಲ್ಲಿ ಆ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ನೋಡಿ. ಮೂರರಲ್ಲಿ ಯಾವುದು ಪಾಸ್, ಯಾವುದು ಫೇಲ್ ಅಂತ ಅಲ್ಲೇ ಇರುತ್ತೆ.

ಎಸ್‌ಪಿಎಫ್ ಫೇಲಾ? ಆ ಸಾಫ್ಟ್‌ವೇರ್‌ನ ಸರ್ವರ್ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ದಿದ್ರೆ ಇರೋ ರೆಕಾರ್ಡ್‌ಗೇ ಸೇರಿಸಿ. ಎರಡನೇ ಎಸ್‌ಪಿಎಫ್ ರೆಕಾರ್ಡ್ ಹಾಕಿದ್ರೆ ಎರಡೂ ಕೆಡುತ್ತೆ. ಡಿಎನ್‌ಎಸ್ ಲುಕಪ್ 10 ದಾಟಬಾರದು.

ಡಿಮಾರ್ಕ್ ಅನ್ನು 'ನನ್' ಇಂದ ಶುರು ಮಾಡಿ, ರಿಪೋರ್ಟ್ ಓದಿ, ಆಮೇಲೆ ಬಿಗಿ ಮಾಡಿ. ಮೊದಲ ದಿನವೇ 'ರಿಜೆಕ್ಟ್' ಹಾಕಿದ್ರೆ ನಿಮ್ಮದೇ ಬಿಲ್‌ಗಳು ವಾಪಸ್ ಬರಬಹುದು, ಹುಷಾರು.