ರಿಪೇರಿ ಮಾಡಿಸಿದ ಗಾಡಿ ಸಪ್ಪಳ ಮಾಡಿದರೆ

ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಗಾಡಿ ರಿಪೇರಿ ಮಾಡಿಸಿಕೊಂಡು ಮುಡಬಿ ಕಡೆ ಹೊರಟಾಗ ದಾರಿಯಲ್ಲೇ ಹೊಸ ಸಪ್ಪಳ ಶುರುವಾದರೆ, ಮಿಸ್ತ್ರಿ ಏನೋ ಕೆಡಿಸಿಟ್ಟ ಎಂದೇ ಮೊದಲ ಅನುಮಾನ. ಅದು ನಿಜವೂ ಇರಬಹುದು. ಹೊಸ ಬಿಡಿಭಾಗ ಇನ್ನೂ ಹೊಂದಿಕೊಳ್ಳದೆ ಕೂಗುತ್ತಿರಲೂಬಹುದು. ಇಲ್ಲವೇ ದೊಡ್ಡ ಸಪ್ಪಳ ಅಡಗಿದ ಮೇಲೆ, ಮೊದಲಿನಿಂದಲೂ ಇದ್ದ ಸಣ್ಣದು ಈಗ ಕಿವಿಗೆ ಬಿದ್ದಿರಬಹುದು. ಬೇರ್ಪಡಿಸಿ ನೋಡಲು ಎರಡು ಪ್ರಶ್ನೆ ಸಾಕು: ಮಿಸ್ತ್ರಿ ಎಲ್ಲಿ ಕೈ ಹಾಕಿದ್ದ? ಸಪ್ಪಳ ಯಾವಾಗ ಬರುತ್ತದೆ?

ಯಾವಾಗ ಬರುತ್ತದೆ?

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಕೊಡಿ. ಜೊತೆಗೆ ಸಪ್ಪಳವೂ ಏರಿದರೆ ಎಂಜಿನ್, ಬೆಲ್ಟ್, ಸೈಲೆನ್ಸರ್ ಕಡೆ ನೋಡಬೇಕು. ನಿಂತಾಗ ಇಲ್ಲದ್ದು ಓಡುವಾಗ ವೇಗದ ಜೊತೆ ಏರಿದರೆ ಚಕ್ರ, ಬೇರಿಂಗ್, ಟೈರ್, ಬೈಕಾದರೆ ಚೈನ್. ಕ್ಲಚ್ ಒತ್ತಿದಾಗಷ್ಟೇ ಬಂದರೆ ರಿಲೀಸ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್. ತಗ್ಗಿನಲ್ಲಿ ಇಳಿದಾಗ ಧಡ್ ಎಂದರೆ ಸಸ್ಪೆನ್ಷನ್‌ನ ಬುಷ್ ಅಥವಾ ಬೋಲ್ಟ್.

ಹೆದ್ದಾರಿಯಲ್ಲಿ ಗುಂಯ್ ಎನ್ನುವ ಸಪ್ಪಳ, ಎಡಕ್ಕೆ ಹೊರಳುವಾಗ ಹೆಚ್ಚಾಗಿ ಬಲಕ್ಕೆ ಹೊರಳುವಾಗ ಕಡಿಮೆಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಿ. ಎಡಕ್ಕೆ ತಿರುಗಿದಾಗ ಭಾರ ಬೀಳುವುದು ಬಲ ಚಕ್ರದ ಮೇಲೆ.

ಬ್ರೇಕ್ ಕೆಲಸದ ನಂತರ

ಹೊಸ ಪ್ಯಾಡ್ ಡಿಸ್ಕಿನ ಮೈಗೆ ಹೊಂದಿಕೊಳ್ಳುವವರೆಗೆ ಕೀರಲು ಸದ್ದು ಮಾಡುವುದುಂಟು. ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಬ್ರೇಕ್ ಹಾಕುತ್ತ ಓಡಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಬ್ರೇಕ್ ಮುಟ್ಟದಿದ್ದರೂ ಕರಕರ ಎನ್ನುತ್ತಿದ್ದರೆ, ಡಿಸ್ಕಿನ ಹಿಂದಿನ ತೆಳು ತಗಡು ಬಾಗಿ ತಾಗುತ್ತಿರಬಹುದು, ನಡುವೆ ಕಲ್ಲು ಸಿಕ್ಕಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದಿನ ಜೊತೆ ಬ್ರೇಕಿನ ಹಿಡಿತವೂ ತಗ್ಗಿದರೆ ಮುಂದೆ ಓಡಿಸಬೇಡಿ.

ಟಕಟಕ ನಿಂತಿತೆಂದು ಹಿಗ್ಗಬೇಡಿ

ಬೈಕಿನ ಟ್ಯಾಪೆಟ್ ಸಪ್ಪಳ ಎಲ್ಲರಿಗೂ ಗೊತ್ತು. ವಾಲ್ವ್ ಮತ್ತು ರಾಕರ್ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಎಂಜಿನ್ ಕಾದಾಗ ವಾಲ್ವ್ ಹಿಗ್ಗುತ್ತದೆ. ಸಂದು ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸಂದು ದೊಡ್ಡದಾದರೆ ಟಕಟಕ, ತೀರಾ ಬಿಗಿಯಾದರೆ ನಿಶ್ಶಬ್ದ. ಗಿರಾಕಿಯ ಕಿವಿಗೆ ಹಿತವಾಗಲೆಂದು ಅತಿ ಬಿಗಿದ ಟ್ಯಾಪೆಟ್ ಎಂಜಿನ್‌ಗೆ ಹೆಚ್ಚು ಅಪಾಯ. ಎಂಜಿನ್ ಆರಿದ ಮೇಲೆ ಫೀಲರ್ ಗೇಜ್‌ನಿಂದ ಅಳೆದೇ ಹೊಂದಿಸಿ ಎಂದು ಹೇಳಿ. ಅಳತೆ ಕಂಪನಿಯ ಪುಸ್ತಕದಲ್ಲಿರುತ್ತದೆ.

ತಕ್ಷಣ ನಿಲ್ಲಬೇಕಾದ್ದು

ಚಕ್ರ ಬಿಚ್ಚಿ ಹಾಕಿದ ಗಾಡಿಯಲ್ಲಿ ನಿಧಾನ ವೇಗದಲ್ಲೇ ಟಕ್ ಟಕ್ ಎಂದು, ಸ್ಟೀರಿಂಗ್ ನಡುಗಿದರೆ ನಟ್ ಸಡಿಲಾಗಿರಬಹುದು. ಬದಿಗೆ ನಿಲ್ಲಿಸಿ, ಒಂದರ ಎದುರಿನದು ಎಂಬ ಕ್ರಮದಲ್ಲಿ ಬಿಗಿ ಮಾಡಿ. ಸಪ್ಪಳ ಇಲ್ಲದಿದ್ದರೂ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಆಯಿಲ್ ದೀಪ ಹತ್ತಿ ಎಂಜಿನ್ ಬಡಿಯತೊಡಗಿದರೆ ಗ್ಯಾರೇಜಿನವರೆಗೂ ಓಡಿಸದೆ ಅಲ್ಲೇ ಬಂದ್ ಮಾಡಿ.

ಮಿಸ್ತ್ರಿಗೆ ಹೇಳುವ ರೀತಿ

‘ಬೇರಿಂಗ್ ಹೋಗ್ಯದ’ ಎಂದು ತೀರ್ಪು ಕೊಟ್ಟರೆ ಬೇರಿಂಗ್ ಬದಲಾಗುತ್ತದೆ, ಸಪ್ಪಳ ಉಳಿದೀತು. ‘ನಲವತ್ತರ ಮ್ಯಾಲ, ಎಡಕ್ಕ ಹೊಳ್ಳಿದಾಗ ಬರ್ಲಕತ್ತದ’ ಎಂದರೆ ಅವನಿಗೆ ದಾರಿ ಸಿಗುತ್ತದೆ. ಮೊಬೈಲಿನಲ್ಲಿ ಸಪ್ಪಳ ರೆಕಾರ್ಡ್ ಮಾಡಿಕೊಳ್ಳಿ. ಓಡಿಸುವಾಗ ಆ ಕೆಲಸ ಪಕ್ಕದವರದಾಗಲಿ. ಮಿಸ್ತ್ರಿಯನ್ನೇ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುವುದು ಇನ್ನೂ ಉತ್ತಮ.

ಬಿಲ್ ಪಡೆಯಿರಿ, ತೆಗೆದ ಹಳೆಯ ಭಾಗಗಳನ್ನೂ ಕೇಳಿ ನೋಡಿ. ಮಾತಿನಲ್ಲಿ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ನಿಮ್ಮ ಪರ ಮಾತಾಡುವುದು ಆ ಬಿಲ್ಲೇ.